ಚಿಕ್ಕಪ್ಪನ ಪುಟಕ್ಕೆ ಬಂದವರು

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ಮಾಡುವ ಕೆಲಸ ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಮಗುಚಿ ನೋಡುವುದು. ಮೇಲಿನ ಹೂವು ಬಳ್ಳಿ ಅವರಿಗೆ ಬೇಡ. ಹಿಂದುಗಡೆ ದಾರ ಹೇಗೆ ಓಡಿದೆ, ಗಂಟು ಎಲ್ಲಿ ಬಿದ್ದಿದೆ, ಅಷ್ಟೇ ಬೇಕು. "ಮುಂದುಗಡೆ ಎಲ್ಲರೂ ಚೆಂದಾನೇ" ಎನ್ನುತ್ತಾರೆ. ನನ್ನನ್ನು ನೋಡಲು ಬಂದ ಹುಡುಗನ ಅಂಗಿಯ ಜೇಬಿನ ಮೇಲೆ ಅವನ ಕಂಪನಿಯ ಗುರುತು ಹೊಲಿದಿತ್ತು. ಚಿಕ್ಕಪ್ಪ ಜೇಬಿನೊಳಗೆ ಬೆರಳು ಹಾಕಿ ಅದರ ಹಿಂಬದಿ ನೋಡಿ "ಪರವಾಗಿಲ್ಲ" ಎಂದರು. ಹೇಳಿದ್ದು ಹೊಲಿಗೆಯ ಬಗ್ಗೆಯೋ ಹುಡುಗನ ಬಗ್ಗೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹುಡುಗನನ್ನು ಮದುವೆಯಾದೆ, ಪರವಾಗಿಲ್ಲ.

ಅವರ ಕಸುಬು ಕಂಪ್ಯೂಟರ್ ಕಸೂತಿ. ಅಂಗಡಿ ಸೈಕಲ್ ರಿಪೇರಿಯವನಿಗೂ ಕನ್ನಡಕದವನಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿ ಗಾಜಿನ ಮೇಜು, ಅದರಾಚೆ ಗೋಡೆ ತುಂಬ ದಾರದ ಕೋನುಗಳು, ಬಿಳಿಯಿಂದ ಶುರುವಾಗಿ ಕಪ್ಪಿಗೆ ಮುಗಿಯುವ ಹಾಗೆ ಜೋಡಿಸಿದ್ದು. ಕೊನೆಯಲ್ಲಿ ಸಾಲುಸೂಜಿಯ ಯಂತ್ರ. ಶಾಲೆಯ ಬ್ಯಾಡ್ಜು, ಆಸ್ಪತ್ರೆಯ ಕೋಟಿನ ಮೇಲಿನ ಹೆಸರು, ಬಸ್ ಚಾಲಕರ ಟೋಪಿ, ಫುಟ್‌ಬಾಲ್ ತಂಡದ ಅಂಗಿ, ಎಲ್ಲವೂ ಅದರ ಬಾಯಿಂದಲೇ ಬರಬೇಕು. ಚಿಕ್ಕಮ್ಮ ಆ ಯಂತ್ರವನ್ನು ಕರೆಯುವುದು ಸವತಿ ಎಂದು. "ನನಗೆ ಜ್ವರ ಬಂದ್ರೆ ಒಂದು ಮಾತ್ರೆ ನುಂಗಿ ಮಲ್ಕೋ ಅಂತಾರೆ. ಅದರ ಸದ್ದು ಒಂಚೂರು ಬದಲಾದ್ರೆ ಊಟ ಬಿಟ್ಟು ಎದ್ದು ಓಡ್ತಾರೆ" ಎಂದು ನನ್ನ ಹತ್ತಿರ ದೂರುತ್ತಾರೆ. ದೂರುತ್ತಲೇ ಆ ಸವತಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಹೊಲಿದಾದ ಬಟ್ಟೆಯ ಹಿಂದಿನ ಕಾಗದ ಹರಿದು, ಅಕ್ಷರದಿಂದ ಅಕ್ಷರಕ್ಕೆ ಜಿಗಿದ ದಾರಗಳನ್ನು ಕತ್ತರಿಸಿ ಚೊಕ್ಕ ಮಾಡುತ್ತಾರೆ. ಯಾರದೇ ಹೆಸರು ಹೊಲಿಗೆಗೆ ಹೋಗುವ ಮೊದಲು ಚಿಕ್ಕಮ್ಮ ಓದಿ ತಲೆಯಾಡಿಸಬೇಕು. ಆ ಮನೆಯಲ್ಲಿ ಅವರೇ ಕೊನೆಯ ಕಣ್ಣು.

ಚಿಕ್ಕಪ್ಪನಿಗೆ ಜೀವನದಲ್ಲಿ ಒಂದೇ ಒಂದು ಸಿಟ್ಟಿತ್ತು, ಕೆಟ್ಟದಾಗಿ ಹೊಲಿದ ಕನ್ನಡ ಅಕ್ಷರದ ಮೇಲೆ. ಈ ಯಂತ್ರಗಳಿಗೆ ಮೊದಲು ಸಿಗುತ್ತಿದ್ದ ಕನ್ನಡವನ್ನು ಕನ್ನಡ ಬಾರದ ಯಾರೋ ಮಾಡಿದ್ದಿರಬೇಕು. ಒತ್ತಕ್ಷರ ಬಂದ ಕಡೆ ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಗಂಟಾಗುತ್ತಿತ್ತು. ಹೆಸರಿನಲ್ಲಿ ‘ಜ್ಞ’ ಇದ್ದ ಮಗುವಿನ ಜೇಬಿನ ಮೇಲೆ ಜಿರಲೆ ಸತ್ತು ಬಿದ್ದ ಹಾಗೆ ಕಾಣುತ್ತಿತ್ತು. ಚಿಕ್ಕಪ್ಪ ವರ್ಷಗಟ್ಟಲೆ ಕೂತು ಪ್ರತಿ ಅಕ್ಷರ, ಪ್ರತಿ ಗುಣಿತ, ಪ್ರತಿ ಒತ್ತನ್ನು ಸೂಜಿಗೆ ಅರ್ಥವಾಗುವ ಹಾಗೆ ಒಂದೊಂದೇ ಹೊಲಿಗೆಯಾಗಿ ಬಿಡಿಸಿದರು. ಅವರ ಕಸುಬಿನಲ್ಲಿ ಇದಕ್ಕೆ ಪಂಚಿಂಗ್ ಎನ್ನುತ್ತಾರೆ. ಕೊನೆಗೆ ಶಾಲೆಯ ಬ್ಯಾಡ್ಜಿನಷ್ಟು ಸಣ್ಣ ಜಾಗದಲ್ಲೂ ‘ಷ್ಟ್ರ’ ನಿಚ್ಚಳವಾಗಿ ನಿಂತಿತು. ಅವತ್ತು ಚಿಕ್ಕಪ್ಪ ಯಂತ್ರ ನಿಲ್ಲಿಸಿ ಪಕ್ಕದ ಕನ್ನಡಕದವನನ್ನೂ ಕರೆದು ತೋರಿಸಿದರು. ಅವನು ಎರಡು ಕನ್ನಡಕ ಬದಲಾಯಿಸಿ ನೋಡಿ ಒಪ್ಪಿದನಂತೆ.

ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಬೇರೆಯವರಾಗಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಇವರು ನನ್ನನ್ನು ಕರೆದು ವೆಬ್‌ಸೈಟು ಮಾಡಿಕೊಡು, ಬೇಕಾದವರು ಇಳಿಸಿಕೊಳ್ಳಲಿ ಎಂದರು. ನಾನು ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ, ಅಂಥದ್ದೆಲ್ಲ ನನ್ನ ಕೊರಳಿಗೇ ಬೀಳುತ್ತದೆ. "ಪುಕ್ಕಟೆನಾ ಚಿಕ್ಕಪ್ಪ?" ಎಂದೆ. "ಅಕ್ಷರ ಏನು ನಮ್ಮಪ್ಪಂದಾ?" ಎಂದರು. ಮಾಡಿಕೊಟ್ಟೆ. ಆಮೇಲೆ ನನ್ನನ್ನು ಅದರ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ಅವರು ‘ನನ್ನ ಪುಟ’ ಎನ್ನುತ್ತಿದ್ದರು, ಬೇರೆಯವರು ನನ್ನ ಹೊಲ, ನನ್ನ ಮನೆ ಎನ್ನುವ ಹಾಗೆ.

ಪುಟಕ್ಕೆ ಜನ ಬರತೊಡಗಿದರು. ದರ್ಜಿಗಳು, ಆಸ್ಪತ್ರೆಯ ಹೊದಿಕೆ ಹೊಲಿಯುವವರು, ಮನೆಯಲ್ಲಿ ಸಣ್ಣ ಯಂತ್ರ ಇಟ್ಟುಕೊಂಡ ಅಜ್ಜಿಯರು. ಮೊಮ್ಮಗಳ ಹೆಸರು ಕಂಬಳಿಯ ಮೇಲೆ ಚೆನ್ನಾಗಿ ಬಂತು ಎಂದು ಯಾರೋ ಬರೆಯುವರು. ಇನ್ನಾರೋ ‘ಳ’ದ ಹೊಟ್ಟೆ ಇನ್ನೊಂಚೂರು ದುಂಡಗಿರಲಿ ಎಂದು ಬುದ್ಧಿ ಹೇಳುವರು. ಚಿಕ್ಕಪ್ಪ ಅವನ್ನೆಲ್ಲ ಓದಿಯೇ ಇಲ್ಲ ಎಂಬಂತೆ ಇರುತ್ತಿದ್ದರು. ಮಾರನೆಯ ದಿನವೇ ‘ಳ’ದ ಹೊಟ್ಟೆ ದುಂಡಗಾಗಿರುತ್ತಿತ್ತು. ಅವರಷ್ಟು ನೆಮ್ಮದಿಯ ಮನುಷ್ಯನನ್ನು ನಾನು ಹೆಚ್ಚು ನೋಡಿಲ್ಲ, ನೋಡಿದಾಗೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಹೀಗಿರುವಾಗ ಶಾಲೆಯ ಚೀಲಗಳ ಮೇಲೆ ಮಕ್ಕಳ ಹೆಸರು ಹೊಲಿಯುವ ಹೆಂಗಸೊಬ್ಬಳು ಅವರಿಗೆ ಬರೆದಳು. ‘ಅಣ್ಣಾ, ನಿಮ್ಮ ಪುಟಕ್ಕೆ ಹೋಗಿ ಬಂದ ಮೇಲೆ ನನ್ನ ಕಂಪ್ಯೂಟರಿಗೆ ವೈರಸ್ ಬಂದಿದೆ. ರಿಪೇರಿಯವರು ಎಲ್ಲ ಅಳಿಸಿ ಹೊಸದಾಗಿ ಹಾಕಿದರು. ನೀವು ಬೇಕೆಂದು ಮಾಡಿಲ್ಲ, ಗೊತ್ತು. ಆದರೆ ಇನ್ನೊಬ್ಬರಿಗೆ ಆಗಬಾರದಲ್ಲ, ಅದಕ್ಕೆ ತಿಳಿಸಿದೆ.’

ಚಿಕ್ಕಪ್ಪ ಆಸ್ಪತ್ರೆಗೇ ಫೋನು ಮಾಡಿದರು. ಸಾಮಾನ್ಯವಾಗಿ ಹಿಂದೆ ಯಂತ್ರದ ಸದ್ದು ಕೇಳುತ್ತಿರುತ್ತದೆ, ಅವತ್ತು ಇರಲಿಲ್ಲ.

"ಬರೀ ನೋಡಿದ್ರೆ ರೋಗ ಬರುತ್ತೇನೇ?" ಎಂದರು.

"ಏನು ನೋಡಿದ್ರೆ?"

"ನನ್ನ ಪುಟ."

ಸಂಜೆ ಕೆಲಸ ಮುಗಿಸಿ ನೇರ ಅಂಗಡಿಗೆ ಹೋದೆ. ಚಿಕ್ಕಪ್ಪ ತಮ್ಮ ಮೊಬೈಲಿನಲ್ಲಿ ಪುಟ ತೆರೆದು ನನ್ನ ಮೂಗಿನ ಮುಂದೆ ಹಿಡಿದರು. "ನೋಡು, ಎಲ್ಲ ಸರಿಯಾಗೇ ಇದೆ. ಆಯಮ್ಮ ಇನ್ನೆಲ್ಲಿಗೋ ಹೋಗಿ ನನ್ನ ಹೆಸರು ಹೇಳ್ತಿದಾಳೆ." ನಾನು ನನ್ನ ಚೀಲದಿಂದ ಲ್ಯಾಪ್‌ಟಾಪು ತೆಗೆದು, ಯಾರೋ ಹೊಸಬರು ಬಂದ ಹಾಗೆ ಪುಟ ತೆರೆದೆ. ಒಂದು ಕ್ಷಣ ಅಕ್ಷರಗಳು ಕಂಡವು. ಮರುಕ್ಷಣ ಎಲ್ಲ ಕಲಸಿಹೋಗಿ ಖಾಲಿ ಚೌಕಗಳಾದವು. ನಡುವೆ ಒಂದು ಪೆಟ್ಟಿಗೆ ಎದ್ದು ನಿಂತಿತು: ‘ಈ ಪುಟದ ಅಕ್ಷರಗಳು ನಿಮ್ಮ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ. ಫಾಂಟ್ ಹಾಕಿಕೊಳ್ಳಲು ಇಲ್ಲಿ ಒತ್ತಿ.’

ಚಿಕ್ಕಪ್ಪ ಬಗ್ಗಿ ನೋಡಿದರು. "ಇದು ನಾನು ಹಾಕಿದ್ದಲ್ಲ."

"ಗೊತ್ತು. ಒಳಗೆ ಯಾರೋ ಹೊಕ್ಕಿದಾರೆ. ಯಜಮಾನನಿಗೆ ಕಾಣಬಾರದು, ಹೊಸಬರಿಗೆ ಮಾತ್ರ ಕಾಣಬೇಕು, ಹಾಗೆ ಮಾಡಿಟ್ಟಿದಾರೆ."

ಅಲ್ಲೇ ನಿಂತು, ಚಿಕ್ಕಪ್ಪನ ಮೊಬೈಲಿನಿಂದಲೇ ಪುಟವನ್ನು ಮುಚ್ಚಿದೆ. ಯಾರಾದರೂ ಬಂದರೆ ‘ದುರಸ್ತಿ ನಡೆಯುತ್ತಿದೆ’ ಎಂದಷ್ಟೇ ಕಾಣುವ ಹಾಗೆ ಮಾಡಿದೆ. ಆಮೇಲೆ ಸೊಂಟಕ್ಕೆ ಕೈಕೊಟ್ಟು ಕೇಳಿದೆ, "ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ಲ."

"ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಬರೆದಿಟ್ಟಿದ್ದು ಈ ಬಟ್ಟೆ ರಾಶಿಯಲ್ಲಿ ಉಳಿಯುತ್ತಾ? ಕಸದ ಜೊತೆ ಹೋಗುತ್ತೆ. ನಾನೇನು ಅಷ್ಟು ದಡ್ಡನಾ?" ಎನ್ನುತ್ತ ತಲೆಯೆತ್ತದೆ ಗೋಡೆಯತ್ತ ಬೆರಳು ಮಾಡಿದರು.

ಬ್ಯಾಡ್ಜುಗಳ ಮಾದರಿಗಳ ನಡುವೆ, ಕಟ್ಟು ಹಾಕಿಸಿ ಗಾಜು ಕೂರಿಸಿದ ಒಂದು ಬಿಳಿ ಬಟ್ಟೆ. ಸುತ್ತ ಹಸಿರು ಬಳ್ಳಿ. ಮೇಲೆ ಅವರ ಅತ್ಯುತ್ತಮ ಅಕ್ಷರಗಳಲ್ಲಿ ‘ಪುಟದ ಕೀಲಿ’. ಕೆಳಗೆ, ಕಡುನೀಲಿ ದಾರದಲ್ಲಿ, ಪಾಸ್‌ವರ್ಡು. ನಾನು ಇಷ್ಟು ವರ್ಷ ಆ ಗೋಡೆಯ ಮುಂದೆ ಕೂತು ಚಹಾ ಕುಡಿದಿದ್ದೇನೆ, ಅದನ್ನು ಯಾವುದೋ ಶಾಲೆಯ ಮಾದರಿ ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ನಾನು ದಿನಾ ನೋಡುವ ಜನ ಎಂಥವರೆಂದರೆ, ಪರದೆಯ ಮೇಲೆ ಎತ್ತು ಈಯಿತು ಎಂದು ಬಂದರೆ ಸಾಕು, ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುವವರು. ಅವರಿಗೆ ಬೈದು ಬೈದು ನನ್ನ ನಾಲಿಗೆ ಪಳಗಿದೆ. ಆದರೆ ಪಾಸ್‌ವರ್ಡಿಗೆ ಬಳ್ಳಿ ಬಿಡಿಸಿ ಕಟ್ಟು ಹಾಕಿಸಿದವರನ್ನು ಕಂಡಿರಲಿಲ್ಲ.

"ಅಂಗಡಿಗೆ ಬರೋರು ಯಾರು? ಮಕ್ಕಳ ತಾಯಂದಿರು, ಬಸ್ ಡ್ರೈವರುಗಳು. ಅವರೇನು ಕದೀತಾರಾ?" ಎಂದರು ಚಿಕ್ಕಪ್ಪ.

ಅದೂ ನಿಜವೇ ಅನಿಸಿತು. ಆಮೇಲೆ ನನಗೆ ಪುಟದ ಮೊದಲಲ್ಲೇ ಹಾಕಿದ್ದ ‘ನಮ್ಮ ಅಂಗಡಿ’ ಎಂಬ ಫೋಟೋ ನೆನಪಾಯಿತು. ಚಿಕ್ಕಮ್ಮ ತೆಗೆದದ್ದು. ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಸವತಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅವರ ಹಿಂದೆ ಅದೇ ಗೋಡೆ. ಫೋಟೋವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಬೇರೆಯವರ ಹೊಲಿಗೆಯಾಗಿದ್ದರೆ ಮಸುಕಾಗಿ ಬಚಾವಾಗುತ್ತಿದ್ದೆವು. ಇದು ಚಿಕ್ಕಪ್ಪನ ಕೈ, ಒಂದೊಂದು ಅಕ್ಷರವೂ ಕಣ್ಣಿಗೆ ಕುಟ್ಟುವ ಹಾಗೆ ನಿಂತಿತ್ತು.

ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು. "ಎಷ್ಟು ಚೆನ್ನಾಗಿ ಬಂದಿದೆ ನೋಡು" ಎಂದರು.

ಆಮೇಲೆ ಅರ್ಥವಾಯಿತು. ನಿಧಾನವಾಗಿ ಹೋಗಿ ಸ್ಟೂಲಿನ ಮೇಲೆ ಕೂತರು. ಕಳ್ಳ ಬೀಗ ಒಡೆದಿರಲಿಲ್ಲ. ಯಾವುದೋ ದೂರದ ಕಡೆಯಿಂದ ಹೋದ ತಿಂಗಳು ಬಂದವನು ಸರಿಯಾದ ಪಾಸ್‌ವರ್ಡನ್ನು ಒಂದೇ ಸಲಕ್ಕೆ ಹಾಕಿ, ಮನೆಯವರ ಹಾಗೆ ಒಳಗೆ ನಡೆದುಬಂದಿದ್ದ. ಅದೆಲ್ಲ ಸೈಟಿನ ದಾಖಲೆಯಲ್ಲಿ ಸ್ಪಷ್ಟವಾಗಿತ್ತು.

ಚಿಕ್ಕಮ್ಮ ಕತ್ತರಿ ಕೆಳಗಿಟ್ಟು ಇದನ್ನೆಲ್ಲ ಕೇಳುತ್ತಿದ್ದರು. ಚಿಕ್ಕಪ್ಪ ಮತ್ತೆ ಅದೇ ಪ್ರಶ್ನೆಗೆ ಬಂದರು. "ಈಗ ಹೇಳು. ಬರೀ ನೋಡಿ ಹೋದೋರಿಗೆ ಏನಾಗಿರುತ್ತೆ?"

ನಾನು ಆ ಕಳ್ಳ ಸೇರಿಸಿದ ಸಾಲುಗಳನ್ನು ಓದಿ ನೋಡಿದ್ದೆ. "ಬ್ರೌಸರು ಹೊಸದಾಗಿದ್ರೆ, ಬರೀ ನೋಡಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ ಚಿಕ್ಕಪ್ಪ. ನಾವು ತೆರೆಯೋ ಪುಟ ಜಗಲಿಯಲ್ಲಿ ಕೂತ ನೆಂಟನ ಹಾಗೆ. ಮಾತಾಡಬಹುದು, ನಗಬಹುದು. ಕರೀದೆ ಒಳಮನೆಗೆ ಬರೋ ಹಾಗಿಲ್ಲ."

"ಮತ್ತೆ ಆಯಮ್ಮನ ಕಂಪ್ಯೂಟರು?"

"ಒಂದೋ, ಚಿಲಕ ಸಡಿಲ ಆಗಿರಬೇಕು. ಅಂದ್ರೆ ಕಂಪ್ಯೂಟರು ಬಹಳ ಹಳೇದು, ಅಪ್‌ಡೇಟ್ ಮಾಡಿಲ್ಲ, ಅಂಥದ್ರಲ್ಲಿ ಬರೀ ನೋಡಿದ್ರೂ ಒಳಗೆ ನುಗ್ಗೋ ವೈರಸ್‌ಗಳು ಇದಾವೆ. ಅದಕ್ಕೇ ನಿಮ್ಮ ಯಂತ್ರದ ಈ ಮುದಿ ಕಂಪ್ಯೂಟರಿಗೆ ನಾನು ನೆಟ್ಟೇ ಕೊಡದೆ ಪೆನ್‌ಡ್ರೈವ್‌ನಲ್ಲಿ ಆಡಿಸ್ತಿರೋದು. ಇಲ್ಲಾ, ನಾವೇ ಬಾಗಿಲು ತೆಗೆದು ಒಳಗೆ ಬಾ ಅನ್ನಬೇಕು. ಇಲ್ಲಿ ಆಗಿರೋದು ಅದೇ. ಇದು ತಾನಾಗಿ ನುಗ್ಗೋ ಜಾತಿ ಅಲ್ಲ. ಪೆಟ್ಟಿಗೆ ತೋರಿಸುತ್ತೆ, ಅಷ್ಟೇ. ಒತ್ತಬೇಕು, ಇಳಿದ ಫೈಲನ್ನು ತೆರೀಬೇಕು. ಆಯಮ್ಮ ಅಷ್ಟೂ ಮಾಡಿದಾರೆ."

"ಅಂದ್ರೆ ಒತ್ತಿದವರದ್ದೇ ತಪ್ಪು" ಎಂದರು ಚಿಕ್ಕಮ್ಮ, ತಟ್ಟನೆ. ಧ್ವನಿ ಯಾಕೋ ಗಟ್ಟಿಯಾಗಿತ್ತು. ಎದ್ದು ಚಹಾ ಮಾಡಲು ಹೋದರು. ನಾವು ಆಗತಾನೇ ಚಹಾ ಕುಡಿದಿದ್ದೆವು.

ಚಿಕ್ಕಪ್ಪ ಒಪ್ಪಲಿಲ್ಲ. "ಬೇರೆ ಎಲ್ಲಾದ್ರೂ ಆ ಪೆಟ್ಟಿಗೆ ಬಂದಿದ್ರೆ ಆಯಮ್ಮ ಒತ್ತುತ್ತಿರಲಿಲ್ಲ ಕಣೇ. ನನ್ನ ಪುಟ ಅಂತ ಒತ್ತಿದ್ಳು" ಎಂದರು.

ಕಂಪ್ಯೂಟರ್ ವಿಭಾಗದಲ್ಲಿ ಇದನ್ನು ಕಲಿಸುವುದಿಲ್ಲ.

ಪುಟವನ್ನು ತೊಳೆಯುವುದು ಸುಲಭದ ಕೆಲಸ, ರಜೆಯ ದಿನ ಕೂತು ಮುಗಿಸಿದೆ. ಕಳ್ಳನ ಸಾಲುಗಳನ್ನು ಕಿತ್ತೆಸೆದೆ, ಅಕ್ಷರಗಳ ಫೈಲುಗಳು ಹಾಳಾಗಿಲ್ಲ ಎಂದು ಒಂದೊಂದಾಗಿ ನೋಡಿದೆ, ಪಾಸ್‌ವರ್ಡು ಬದಲಾಯಿಸಿದೆ. ಇನ್ನು ಮುಂದೆ ಮೊಬೈಲಿಗೆ ಬರುವ ಸಂಖ್ಯೆಯೂ ಬೇಕಾಗುವಂತೆ ಮಾಡಿದೆ. ಚಿಕ್ಕಪ್ಪ ಹೊಸ ಪಾಸ್‌ವರ್ಡು ಕೇಳಿ ತಿಳಿದುಕೊಂಡು, ತಿಳಿನೇರಳೆ ದಾರದ ಕಡೆ ಒಮ್ಮೆ ನೋಡಿದರು. "ಹೊಲಿದ್ರೆ ಕೈ ಮುರೀತೀನಿ" ಎಂದೆ. ಚಿಕ್ಕಪ್ಪನಿಗೆ ಹಾಗನ್ನಬಾರದು. ಅಂದುಬಿಟ್ಟೆ.

ಸುಲಭವಲ್ಲದ್ದು ಉಳಿದಿತ್ತು. ಪುಟವನ್ನು ಮತ್ತೆ ತೆರೆಯುವಾಗ ಬಂದವರಿಗೆ ಏನು ಹೇಳುವುದು? ಚಿಕ್ಕಮ್ಮನದು ಒಂದೇ ಹಟ. "ಸರಿಯಾಯ್ತಲ್ಲ, ಸುಮ್ನೆ ತೆಗೀರಿ. ಊರಿಗೆಲ್ಲ ಡಂಗುರ ಸಾರಿ ಮಾನ ಹರಾಜು ಹಾಕ್ಕೋಬೇಕಾ? ಕೀಲಿ ಗೋಡೆಗೆ ನೇತುಹಾಕಿದ ಮನುಷ್ಯ ಅಂತ ಜನ ನಗಲಿ ಅಂತಾನಾ?" ನನಗೂ ಅರ್ಧ ಹಾಗೇ ಅನ್ನಿಸುತ್ತಿತ್ತು. ಸಮಸ್ಯೆ ಇತ್ತು, ಸರಿಪಡಿಸಿದ್ದೇವೆ ಎಂದು ಎರಡು ಸಾಲು ಹಾಕಿದರೆ ಸಾಕು, ನಮ್ಮ ಆಸ್ಪತ್ರೆಯವರೂ ಅಷ್ಟೇ ಮಾಡುವುದು ಎಂದೆ. ಚಿಕ್ಕಪ್ಪ ಯಂತ್ರದ ಮುಂದೆ ಕೂರುವರು, ಒಂದು ಬ್ಯಾಡ್ಜು ಹೊಲಿಯುವರು, ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುವರು. ಬಟ್ಟೆ ಮಗುಚಿ ನೋಡುವುದನ್ನೂ ಬಿಟ್ಟಿದ್ದರು. ಆ ಮುಖ ನನಗೆ ನೋಡಲಾಗುತ್ತಿರಲಿಲ್ಲ. ಅವರಿಗಿದ್ದದ್ದು ಆ ಪುಟ ಒಂದೇ ಹೆಮ್ಮೆ, ಅದಕ್ಕೆ ಬಂದವರೇ ಅವರ ಬಳಗ. ಸುಮ್ಮನಿದ್ದರೆ ಒತ್ತಿದವರು ಇನ್ನೂ ರೋಗ ಇಟ್ಟುಕೊಂಡೇ ಕೂತಿರುತ್ತಾರೆ. ಬಾಯಿಬಿಟ್ಟರೆ ಅಷ್ಟು ದಿನ ಕಾಪಾಡಿಕೊಂಡ ಹೆಸರು ಹೋಗುತ್ತದೆ, ಆಮೇಲೆ ಯಾರೂ ಬರದೆಯೂ ಹೋಗಬಹುದು. ಅತ್ತ ದರಿ, ಇತ್ತ ಪುಲಿ.

ಒಂದು ಸಂಜೆ ಹೋದಾಗ ಗಾಜಿನ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದರು. ಬರೆದು ಮುಗಿಸಿ ಅಭ್ಯಾಸಬಲದಿಂದ ಚಿಕ್ಕಮ್ಮನ ಕೈಗೆ ಕೊಟ್ಟರು. "ತಪ್ಪಿದೆಯಾ ನೋಡು."

ಚಿಕ್ಕಮ್ಮ ಓದತೊಡಗಿದರು. ಬೇರೆಯವರ ಹೆಸರು ಓದುವ ಹಾಗೆಯೇ, ಬೆರಳಿಟ್ಟು, ಗಟ್ಟಿಯಾಗಿ.

"ಹೋದ ತಿಂಗಳು ನನ್ನ ಪುಟದೊಳಗೆ ಕಳ್ಳರು ಹೊಕ್ಕಿದ್ದರು. ಅಕ್ಷರ ಕಾಣುತ್ತಿಲ್ಲ, ಇಲ್ಲಿ ಒತ್ತಿ ಎಂಬ ಪೆಟ್ಟಿಗೆ ಇಟ್ಟಿದ್ದರು. ಅದು ನನ್ನದಲ್ಲ. ಬರೀ ನೋಡಿ ಹೋದವರು ಹೆದರಬೇಡಿ, ಆದರೆ ಕಂಪ್ಯೂಟರ್ ತುಂಬ ಹಳೆಯದಾಗಿದ್ದರೆ ಒಮ್ಮೆ ಗೊತ್ತಿದ್ದವರಿಗೆ ತೋರಿಸಿ. ಒತ್ತಿ, ಇಳಿದ ಫೈಲು ತೆರೆದವರು ಮೊದಲು ನೆಟ್ ಬಂದ್ ಮಾಡಿ. ರಿಪೇರಿಯವರ ಹತ್ತಿರ ಹೋಗಿ. ಬೇರೆ ಕಂಪ್ಯೂಟರಿನಿಂದ ನಿಮ್ಮ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ. ಕಳ್ಳರಿಗೆ ಕೀಲಿ ಕೊಟ್ಟವನು ನಾನೇ. ಅದನ್ನು ಹೊಲಿದು ಗೋಡೆಗೆ ಹಾಕಿದ್ದೆ, ಗೋಡೆಯ ಫೋಟೋವನ್ನು ಇಲ್ಲಿ ಹಾಕಿದ್ದೆ. ಒತ್ತಿದವರು..."

ಚಿಕ್ಕಮ್ಮನ ಬೆರಳು ನಿಂತಿತು. ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಮತ್ತೆ ಗಟ್ಟಿಯಾಗಿ ಓದಿದರು.

"ಒತ್ತಿದವರು ನಾಚಿಕೆ ಪಡಬೇಡಿ. ತಪ್ಪು ನಿಮ್ಮದಲ್ಲ, ನನ್ನದು."

"ತಪ್ಪಿದೆಯಾ?" ಎಂದರು ಚಿಕ್ಕಪ್ಪ.

"ಇದು ಎಲ್ಲರಿಗೂ ಬರೆದಿರೋದಾ?"

"ಒತ್ತಿದವರಿಗೆಲ್ಲ."

"ಹಾಗಾದ್ರೆ ನನಗೂ" ಎಂದರು ಚಿಕ್ಕಮ್ಮ.

ಕಾಗದ ಕೆಳಗಿಟ್ಟು ಅತ್ತುಬಿಟ್ಟರು. ನಾನು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಅವರು ದಿನಾ ಮಧ್ಯಾಹ್ನ ಮನೆಯಲ್ಲಿ ಆ ಪುಟ ತೆರೆಯುತ್ತಿದ್ದರಂತೆ. ಗಂಡನ ಅಕ್ಷರವನ್ನು ಯಾರು ಯಾರು ಹೊಗಳಿದ್ದಾರೆ ಎಂದು ಓದಲು. ಹೊಗಳಿದ್ದನ್ನು ಚಿಕ್ಕಪ್ಪ ಮನೆಯಲ್ಲಿ ಹೇಳುವ ಪೈಕಿಯಲ್ಲ, ಚಿಕ್ಕಮ್ಮನೋ ಕೇಳುವ ಪೈಕಿಯಲ್ಲ. ಒಂದು ದಿನ ಅಕ್ಷರಗಳೆಲ್ಲ ಚೌಕಗಳಾಗಿ ಆ ಪೆಟ್ಟಿಗೆ ಬಂದಿದೆ.

"ಇವರ ಪುಟದಲ್ಲೇ ಅಕ್ಷರ ಕಾಣದೆ ಹೋದ್ರೆ ಹೇಗೆ ಅಂತ ಒತ್ತಿದೆ. ಏನೋ ಇಳೀತು, ಅದನ್ನೂ ಒತ್ತಿದೆ. ಪರದೆ ಒಂಥರಾ ಆಗಿ ನಿಂತುಬಿಡ್ತು. ಭಯ ಆಗಿ ಮುಚ್ಚಿ, ಸೀರೆಗಳ ಕೆಳಗೆ ಇಟ್ಟೆ. ಆಮೇಲೆ ಆಯಮ್ಮ ಬರೆದಳಲ್ಲ, ನಿಮ್ಮ ಪುಟದಿಂದ ರೋಗ ಬಂತು ಅಂತ. ನಾನು ಒತ್ತಿದ್ದರಿಂದಾನೇ ಪುಟಕ್ಕೆ ಅಂಟಿದೆ, ನಾನೇ ಇವರ ಪುಟ ಹಾಳುಮಾಡಿದೆ ಅಂತ..." ಮುಂದಿನದು ಸೆರಗಿನೊಳಗೆ ಹೋಯಿತು.

ಇಷ್ಟು ದಿನ ಸುಮ್ಮನಿರಿ ಸುಮ್ಮನಿರಿ ಎಂದು ಗಂಡನ ಬಾಯಿ ಮುಚ್ಚಿಸಲು ನೋಡಿದ್ದು ಅವರ ಮಾನಕ್ಕಾಗಿ ಅಲ್ಲ. ಹುಡುಕಿದರೆ ತನ್ನ ಹೆಜ್ಜೆಗುರುತು ಸಿಗುತ್ತದೆ ಎಂದು. ನನ್ನ ಕಣ್ಣಲ್ಲೂ ನೀರು ಬಂತು, ಸಿಟ್ಟೂ ಬಂತು. "ಚಿಕ್ಕಮ್ಮ, ಪುಟ ಮೊದಲು ಕೆಟ್ಟಿದ್ದು. ನೀವು ಆಮೇಲೆ ಒತ್ತಿದ್ದು. ನಿಮ್ಮಿಂದ ಅದಕ್ಕೆ ಏನೂ ಅಂಟಿಲ್ಲ, ಅಂಟೋದೂ ಇಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಿನ್ನ ಕೇಳಿದ್ರೆ ಬೈತಿದ್ದೆ" ಎಂದರು ಮೂಗು ಒರೆಸಿಕೊಳ್ಳುತ್ತ. ಬೈಯುತ್ತಿದ್ದೆ, ನಿಜ.

ಚಿಕ್ಕಪ್ಪ ಅಷ್ಟು ಹೊತ್ತೂ ಹೆಂಡತಿಯನ್ನೇ ನೋಡುತ್ತಿದ್ದರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. ಹೋಗಿ ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. "ದಿನಾ ಓದ್ತಿದ್ಯಾ?" ಎಂದರು. ಅವರಿಗೆ ಕೇಳಿಸಿದ್ದು ಅದೊಂದೇ ಇರಬೇಕು.

"ಓದ್ದೆ ಇನ್ನೇನು ಮಾಡಲಿ? ನೀವಂತೂ ಹೇಳಲ್ಲ."

ಚಿಕ್ಕಪ್ಪ ಕಾಗದ ತೆಗೆದುಕೊಂಡು ಕೊನೆಯ ಸಾಲಿನ ಕೆಳಗೆ ಪೆನ್ನು ಇಟ್ಟರು. ಬರೆಯಲಿಲ್ಲ. ಹೆಂಡತಿಯ ಮುಖ ನೋಡಿದರು. ಚಿಕ್ಕಮ್ಮನಿಗೆ ಕೇಳದೆಯೇ ಅರ್ಥವಾಯಿತು.

"ಹಾಕಿ" ಎಂದರು. "ನನ್ನ ಹೆಂಡತಿಯೂ ಒತ್ತಿದ್ದಾಳೆ ಅಂತಾನೇ ಹಾಕಿ. ನಾಚಿಕೆ ಪಡೋರಿಗೆ ಒಬ್ಬರು ಜೊತೆ ಸಿಗಲಿ."

ಹಾಗೆಯೇ ಹಾಕಿದೆವು. ‘ತಾಂತ್ರಿಕ ಸಮಸ್ಯೆ’ ಎಂಬ ಮಾತನ್ನು ಎಲ್ಲಾದರೂ ತುರುಕಲು ನಾನು ನೋಡಿದೆ, ಇಬ್ಬರೂ ಒಪ್ಪಲಿಲ್ಲ. ಲ್ಯಾಪ್‌ಟಾಪನ್ನು ಸೀರೆಗಳ ಕೆಳಗಿನಿಂದ ತೆಗೆದು ಆಸ್ಪತ್ರೆಗೆ ಒಯ್ದು ಪೂರ್ತಿ ಅಳಿಸಿ ಹೊಸದು ಮಾಡಿ ತಂದೆ. ಅವತ್ತಿನಿಂದ ಮುಚ್ಚಿಯೇ ಇಟ್ಟಿದ್ದರಿಂದ ಹೆಚ್ಚೇನೂ ಅನಾಹುತ ಆಗಿರಲಿಲ್ಲ. ಚಿಕ್ಕಮ್ಮನ ಪಾಸ್‌ವರ್ಡುಗಳನ್ನು ಬದಲಾಯಿಸಿದೆವು.

ಚಿಕ್ಕಪ್ಪ ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ ಎಂದು ಒಬ್ಬ ದರ್ಜಿ ಬರೆದ. ಕೆಲವರು ಕೀಲಿಗೆ ಕಟ್ಟು ಹಾಕಿಸಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕದವನು ಈಗಲೂ ನಗುತ್ತಾನೆ. ಚೀಲದ ಹೆಂಗಸು ಮಾತ್ರ ‘ಅಕ್ಕನಿಗೆ ಹೇಳಿ, ನಾನೂ ಮನೆಯಲ್ಲಿ ಎರಡು ದಿನ ಬಾಯಿ ಬಿಟ್ಟಿರಲಿಲ್ಲ’ ಎಂದು ಬರೆದಳು. ಆಮೇಲೆ ಅಂಗಡಿಗೆ ಫೋನುಗಳು ಬರತೊಡಗಿದವು. ಹೆಚ್ಚಿನವು ವಯಸ್ಸಾದವರವು, ದನಿ ತಗ್ಗಿಸಿ ಮಾತಾಡುವಂಥವು. ಚಿಕ್ಕಪ್ಪ ಎತ್ತಿಕೊಂಡರೆ ಅವರಿಗೆ ಬೇಡ. "ಒತ್ತಿದ ಅಮ್ಮನವರಿಗೆ ಕೊಡಿ" ಎನ್ನುವರು.

ಮೊನ್ನೆ ನಾನು ಹೋದಾಗಲೂ ಚಿಕ್ಕಮ್ಮ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಫೋನು ಹಿಡಿದು ಕೂತಿದ್ದರು. ನೆಟ್ ಬಂದ್ ಮಾಡುವುದು, ರಿಪೇರಿಗೆ ಕೊಡುವುದು, ಪಾಸ್‌ವರ್ಡು, ಎಲ್ಲವನ್ನೂ ನನಗಿಂತ ಚೆನ್ನಾಗಿ, ಬೈಯದೆ ಹೇಳುತ್ತಿದ್ದರು. ಆ ಕಡೆಯವರು ಏನೋ ಕೇಳಿದರು. ಚಿಕ್ಕಮ್ಮ ಕತ್ತರಿ ಕೆಳಗಿಟ್ಟರು. ಚಿಕ್ಕಪ್ಪ ಯಂತ್ರ ನಿಲ್ಲಿಸಿದರು.

"ಮನೇಲಿ ಇನ್ನೂ ಹೇಳಿಲ್ವಾ?" ಎಂದರು ಚಿಕ್ಕಮ್ಮ. "ಅಯ್ಯೋ ತಾಯಿ, ಅದನ್ನ ಮೊದಲು ಮಾಡಿ. ಕಂಪ್ಯೂಟರು ಕೆಟ್ಟಿದ್ದನ್ನ ನಮ್ಮ ಹುಡುಗಿ ಒಂದೇ ದಿನದಲ್ಲಿ ಸರಿ ಮಾಡಿದ್ಳು. ನಾನು ಹೇಳದೆ ಇವರ ಪಕ್ಕದಲ್ಲೇ ಕೂತಿದ್ದ ದಿನಗಳು ಇದಾವಲ್ಲ, ಅವನ್ನ ಸರಿ ಮಾಡೋಕೆ ಯಾರ ಕೈಲೂ ಆಗಲ್ಲ."